ದಂಡಸಂಹಿತೆಯ ಮೆಕಾಲೆ

ಮೆಕಾಲೆಯ ಹೆಸರು ಕೇಳಿದೊಡನೆ ನಮ್ಮಲ್ಲಿ ಅನೇಕರು ಹುಬ್ಬು ಗಂಟಿಕ್ಕುತ್ತಾರೆ. ನಮ್ಮ ಮಕ್ಕಳು ಕನ್ನಡ ಮರೆಯುತ್ತಿರುವುದಕ್ಕೂ, ನಾವು ಇಂಗ್ಲಿಷಿನ ಬೆನ್ನು ಹತ್ತಿ ಕಡಲು ದಾಟಿದ್ದಕ್ಕೂ ಅವನೇ ಮೂಲಪುರುಷನೆಂಬ ಮಾತನ್ನು ಸಂಘದ ಸಭೆಗಳಲ್ಲಿ ಎಷ್ಟು ಸಲ ಕೇಳಿಲ್ಲ! ಆ ದೂರಿನಲ್ಲಿ ಹುರುಳಿಲ್ಲವೆಂದು ನಾವು ಹೇಳುವುದಿಲ್ಲ. 1835ರ ಫೆಬ್ರವರಿ 2ರಂದು ಅವನು ಬರೆದ ಶಿಕ್ಷಣದ ಟಿಪ್ಪಣಿಯಲ್ಲಿ ಸಂಸ್ಕೃತ, ಅರಬ್ಬಿ ವಾಙ್ಮಯಗಳ ಬಗ್ಗೆ ತೋರಿದ ಉಡಾಫೆ, ಆ ಎರಡು ಭಾಷೆಗಳಲ್ಲಿ ಒಂದನ್ನೂ ಕಲಿಯದವನ ಉಡಾಫೆ. ಆದರೆ ಅದೇ ಮನುಷ್ಯ, ಅದೇ ಕಲ್ಕತ್ತೆಯಲ್ಲಿ, ಅದೇ ವರ್ಷಗಳಲ್ಲಿ ಇನ್ನೊಂದು ಕೆಲಸಕ್ಕೂ ಕೈಹಾಕಿದ್ದ. ಅದರ ನೆರಳಿನಲ್ಲಿ ನಾವೆಲ್ಲ ಹುಟ್ಟಿ ಬೆಳೆದೆವು. ಈಗ ಸಿಂಗಪುರದಲ್ಲಿ ಸಂಸಾರ ಹೂಡಿರುವುದೂ ಆ ನೆರಳಿನಲ್ಲೇ. ಅದೇ ದಂಡಸಂಹಿತೆ, ಅಂದರೆ ಪೀನಲ್ ಕೋಡ್.

ವೈದ್ಯರಾದ ನಮಗೂ ಕಾನೂನಿನ ಪುಸ್ತಕಕ್ಕೂ ಏನು ಸಂಬಂಧವೆಂದು ಓದುಗರು ಕೇಳಬಹುದು. ಎಂ.ಬಿ.ಬಿ.ಎಸ್. ಎರಡನೆಯ ಘಟ್ಟದಲ್ಲಿ ಫೊರೆನ್ಸಿಕ್ ಮೆಡಿಸಿನ್ ಎಂಬ ವಿಷಯವಿತ್ತು. 299, 300, 304-ಎ, 319, 320 ಎಂದು ಕಲಮುಗಳನ್ನು ಮಗ್ಗಿಯಂತೆ ಬಾಯಿಪಾಠ ಮಾಡಿ, ಪರೀಕ್ಷೆ ಮುಗಿದ ಮರುದಿನ ಮರೆತುಬಿಡುವುದು ವಾಡಿಕೆಯಾಗಿತ್ತು. ಮರೆತದ್ದು ಮತ್ತೆ ನೆನಪಾಗುವುದು ಹೌಸ್ ಸರ್ಜನ್ಸಿಯಲ್ಲಿ, ಕ್ಯಾಶುವಲ್ಟಿಯ ಮೇಜಿನ ಮೇಲೆ ಎಂ.ಎಲ್.ಸಿ. ರಿಜಿಸ್ಟರು ತೆರೆದು ಕುಳಿತಾಗ. ಬಹಳ ವರ್ಷಗಳ ನಂತರ ಬಿಡುವು ಮಾಡಿಕೊಂಡು ಆ ಸಂಹಿತೆಯನ್ನು ಕಥೆಯ ಪುಸ್ತಕದಂತೆ ಓದಿದಾಗ ಅದರಲ್ಲಿ ನಮ್ಮ ಕಸುಬಿನವರು ಎಷ್ಟು ಸಲ ಬಂದು ಹೋಗುತ್ತಾರೆಂದು ಕಂಡು ಬೆರಗಾಯಿತು. ಆ ಬೆರಗೇ ಈ ಲೇಖನಕ್ಕೆ ಪ್ರೇರಣೆ.

ಥಾಮಸ್ ಬ್ಯಾಬಿಂಗ್ಟನ್ ಮೆಕಾಲೆ ಹುಟ್ಟಿದ್ದು 1800ರ ಅಕ್ಟೋಬರ್ 25ರಂದು, ಇಂಗ್ಲೆಂಡಿನ ಲೆಸ್ಟರ್‌ಷೈರ್ ಪ್ರಾಂತದ ರಾತ್ಲಿ ಟೆಂಪಲ್ ಎಂಬ ಮನೆಯಲ್ಲಿ. ಅವನನ್ನು ಅರಿಯಬೇಕಾದರೆ ಮೊದಲು ತಂದೆ ಜಕಾರಿ ಮೆಕಾಲೆಯನ್ನು ಅರಿಯಬೇಕು. ಜಕಾರಿ ಹದಿಹರೆಯದಲ್ಲೇ ಜಮೈಕಾ ದ್ವೀಪದ ಕಬ್ಬಿನ ತೋಟವೊಂದಕ್ಕೆ ಕೆಲಸಕ್ಕೆ ಹೋದವನು. ಅಲ್ಲಿ ಆಫ್ರಿಕದ ಗುಲಾಮರ ಬೆನ್ನ ಮೇಲೆ ಚಾವಟಿ ಆಡುವುದನ್ನು ಹತ್ತಿರದಿಂದ ಕಂಡ. ಊರಿಗೆ ಮರಳಿದ ಮೇಲೆ ಉಳಿದ ಆಯುಷ್ಯವನ್ನೆಲ್ಲ ಗುಲಾಮಗಿರಿಯ ವಿರುದ್ಧ ಅಂಕಿ-ಅಂಶ, ಸಾಕ್ಷ್ಯ, ಕಡತ ಕೂಡಿಹಾಕುವುದರಲ್ಲೇ ಸವೆಸಿದ. ಬಿಡುಗಡೆಯಾದ ಗುಲಾಮರ ವಸಾಹತಾದ ಸಿಯೆರಾ ಲಿಯೋನಿಗೆ ಗವರ್ನರನೂ ಆಗಿದ್ದ. ಮನೆಯಲ್ಲಿ ಕಟ್ಟುನಿಟ್ಟು, ಪ್ರಾರ್ಥನೆ, ಓದು. ಮಗ ಮಾತ್ರ ಮಾತಿನ ಮಲ್ಲ. ಒಮ್ಮೆ ಓದಿದ್ದು ಮರೆಯುತ್ತಿರಲಿಲ್ಲ.

ಕೇಂಬ್ರಿಡ್ಜಿನ ಟ್ರಿನಿಟಿ ಕಾಲೇಜು, 1825ರಲ್ಲಿ ಎಡಿನ್‌ಬರೋ ರಿವ್ಯೂ ಪತ್ರಿಕೆಯಲ್ಲಿ ಕವಿ ಮಿಲ್ಟನ್ ಕುರಿತ ಪ್ರಬಂಧದಿಂದ ಒಂದೇ ರಾತ್ರಿಯಲ್ಲಿ ಖ್ಯಾತಿ, 1830ರಲ್ಲಿ ಪಾರ್ಲಿಮೆಂಟು, ಮರುವರ್ಷ ಮತದಾನದ ಸುಧಾರಣೆಯ ಪರವಾಗಿ ಮಾಡಿದ ಭಾಷಣಗಳು. ಇವೆಲ್ಲ ಇಂಗ್ಲಿಷ್ ಚರಿತ್ರೆಯಲ್ಲಿ ವಿಸ್ತಾರವಾಗಿ ಸಿಗುತ್ತವೆ. ಇಲ್ಲಿ ಬೆಳೆಸುವುದು ಬೇಡ. 1833ರಲ್ಲಿ ಗುಲಾಮಗಿರಿ ರದ್ದತಿಯ ಮಸೂದೆ ಬಂದಾಗ ಅದರಲ್ಲಿ ತೋಟದ ಧಣಿಗಳಿಗೆ ತೋರಿದ ಉದಾರತೆ ಜಕಾರಿಗೆ ಹಿಡಿಸಲಿಲ್ಲ. ಮಗ ಸರಕಾರದಲ್ಲಿ ಅಧಿಕಾರದ ಹುದ್ದೆಯಲ್ಲಿದ್ದವನು. ಮನೆಯಲ್ಲಿ ಹಣದ ಮುಗ್ಗಟ್ಟು, ತಂದೆಯ ವ್ಯಾಪಾರ ಮುಳುಗಿತ್ತು, ತಂಗಿಯರ ಹೊಣೆ ತಲೆಯ ಮೇಲಿತ್ತು. ಆದರೂ ತಂದೆಯ ಪಕ್ಷ ವಹಿಸಿ ರಾಜೀನಾಮೆ ಕೊಡಲು ಮುಂದಾದ. ಸರಕಾರ ಅದನ್ನು ಒಪ್ಪಿಕೊಳ್ಳಲಿಲ್ಲ ಎಂಬುದು ಬೇರೆ ಮಾತು.

ಅದೇ 1833ರ ಚಾರ್ಟರ್ ಕಾಯಿದೆಯಿಂದ ಭಾರತದ ಗವರ್ನರ್ ಜನರಲ್ ಮಂಡಳಿಯಲ್ಲಿ ಕಾನೂನು ಸದಸ್ಯನೆಂಬ ಹೊಸ ಸ್ಥಾನ ಹುಟ್ಟಿತು. ಸಂಬಳ ವರ್ಷಕ್ಕೆ 10,000 ಪೌಂಡು. ಮೆಕಾಲೆ ಒಪ್ಪಿದ. ಸಂಬಳದ ಆಸೆಗಾಗಿಯೇ ಒಪ್ಪಿದನೆಂದರೆ ತಪ್ಪಾಗದು. ಅವನು ಅದನ್ನು ಬಚ್ಚಿಟ್ಟವನೂ ಅಲ್ಲ. ಕೆಲವು ವರ್ಷ ದೂರದೇಶದಲ್ಲಿ ದುಡಿದು, ಅರ್ಧ ಉಳಿಸಿ, ಮನೆಯ ಸಾಲ ತೀರಿಸಿ, ಮರಳಿ ಬಂದು ಇಷ್ಟಪಟ್ಟದ್ದನ್ನು ಬರೆದುಕೊಂಡಿರುವುದು ಎಂಬ ಲೆಕ್ಕಾಚಾರ. ಈ ಲೆಕ್ಕ ನಮ್ಮ ಓದುಗರಲ್ಲಿ ಯಾರಿಗೂ ಅಪರಿಚಿತವಲ್ಲವೆಂದು ಭಾವಿಸುತ್ತೇವೆ. ಅವನು ಮಾತ್ರ ಹೇಳಿದಂತೆ ಮರಳಿ ಹೋದ!

ತಂಗಿ ಹನ್ನಾಳೊಂದಿಗೆ ಹಡಗು ಹತ್ತಿ 1834ರ ಜೂನ್ 10ರಂದು ಮದರಾಸಿನಲ್ಲಿ ಇಳಿದ. ಗವರ್ನರ್ ಜನರಲ್ ಬೆಂಟಿಂಕ್ ಆಗ ಆರೋಗ್ಯಕ್ಕಾಗಿ ಉದಕಮಂಡಲದಲ್ಲಿದ್ದ. ಆದ್ದರಿಂದ ಮೆಕಾಲೆಯ ಪಲ್ಲಕ್ಕಿ ಬೆಂಗಳೂರಿನ ಮೇಲಿಂದ ಹಾದು ಬಂತು. ಶ್ರೀರಂಗಪಟ್ಟಣವನ್ನು ನೋಡಲು ಅವನಿಗೆ ಸ್ವಂತದ ಕಾರಣವಿತ್ತು; ಅವನ ದೊಡ್ಡಪ್ಪ ಕಾಲಿನ್ ಮೆಕಾಲೆ ಹಿಂದೆ ಮೈಸೂರು ಯುದ್ಧದಲ್ಲಿ ಸಿಕ್ಕಿಬಿದ್ದು ಅಲ್ಲಿನ ಸೆರೆಮನೆಯಲ್ಲಿ ದಿನ ಕಳೆದಿದ್ದ. ಮೈಸೂರಿನಲ್ಲಿ, ಮೂರು ವರ್ಷದ ಹಿಂದೆ ಆಡಳಿತ ಕಳೆದುಕೊಂಡಿದ್ದ ಮುಮ್ಮಡಿ ಕೃಷ್ಣರಾಜ ಒಡೆಯರನ್ನು ಭೇಟಿ ಮಾಡಿದ. ಆ ಭೇಟಿಯಲ್ಲಿ ದೊರೆಯ ಚಿತ್ರಸಂಗ್ರಹವನ್ನು ನೋಡಿ ಮನಸ್ಸಿನಲ್ಲೇ ನಕ್ಕು, ಊರಿಗೆ ಕಾಗದ ಬರೆದ. ಕನ್ನಡ ನಾಡಿನೊಳಗೆ ಅಷ್ಟು ದಿನ ಹಾದುಹೋದರೂ ಆ ನಾಡಿನ ಮಾತು ಅವನ ಕಿವಿಗೆ ಬಿದ್ದಂತೆ ಕಾಣುವುದಿಲ್ಲ.

ಆ ಕಾಲದ ಕನ್ನಡ ನಾಡಿನ ಸ್ಥಿತಿಯನ್ನು ಇಲ್ಲಿ ನೆನೆಯಬೇಕು. ಧಾರವಾಡ ಮುಂಬಯಿ ಪ್ರಾಂತಕ್ಕೆ, ಮಂಗಳೂರು-ಬಳ್ಳಾರಿಗಳು ಮದರಾಸಿಗೆ, ಕಲಬುರಗಿ-ರಾಯಚೂರುಗಳು ನಿಜಾಮನಿಗೆ, ಮೈಸೂರು ಬ್ರಿಟಿಷ್ ಕಮಿಷನರರಿಗೆ. ಕೊಡಗು ಅದೇ ವರ್ಷ ಕಂಪನಿಯ ಪಾಲಾಗಿತ್ತು. ಒಂದೇ ಭಾಷೆ, ಅಪರಾಧಕ್ಕೆ ಮಾತ್ರ ಹಲವು ಕಾನೂನು. ಬಂಗಾಳ, ಮದರಾಸುಗಳಲ್ಲಿ ಹಳೆಯ ಮುಸ್ಲಿಂ ದಂಡನೀತಿಗೆ ಕಂಪನಿ ತೇಪೆ ಹಾಕಿ ನಡೆಸುತ್ತಿತ್ತು. ಮುಂಬಯಿಗೆ 1827ರ ತನ್ನದೇ ಸಂಹಿತೆ. ಮೆಕಾಲೆಯ ಆಯೋಗವೇ ತೋರಿಸಿದ ನಿದರ್ಶನ ಸ್ವಾರಸ್ಯವಾಗಿದೆ. ಬಂಗಾಳದಲ್ಲಿ ಗಂಭೀರವಾದ ಖೋಟಾ ದಸ್ತಾವೇಜಿಗೆ ಸುಳ್ಳುಸಾಕ್ಷಿಯ ಎರಡರಷ್ಟು ಸಜೆ. ಮುಂಬಯಿಯಲ್ಲಿ ಸುಳ್ಳುಸಾಕ್ಷಿಗೆ ಖೋಟಾ ದಸ್ತಾವೇಜಿನ ಎರಡರಷ್ಟು. ಮದರಾಸಿನಲ್ಲಿ ಎರಡಕ್ಕೂ ಸರಿಸಮ. ಅಂದರೆ ಧಾರವಾಡದವನೊಬ್ಬನೂ ಮಂಗಳೂರಿನವನೊಬ್ಬನೂ ಕೂಡಿ ಒಂದೇ ಬಗೆಯ ಮೋಸ ಮಾಡಿದರೆ ಯಾರಿಗೆ ಎಷ್ಟು ವರ್ಷ ಎಂಬುದು ಅವರು ಮಾಡಿದ್ದರ ಮೇಲಲ್ಲ, ಅವರ ಊರಿನ ಮೇಲೆ ನಿಂತಿತ್ತು.

ಕಲ್ಕತ್ತೆ ಸೇರಿದ ಮೇಲೆ ಡಿಸೆಂಬರಿನಲ್ಲಿ ಹನ್ನಾಳಿಗೆ ಚಾರ್ಲ್ಸ್ ಟ್ರೆವೆಲ್ಯನ್ ಎಂಬ ಅಧಿಕಾರಿಯೊಡನೆ ಮದುವೆಯಾಯಿತು. ಕೆಲವೇ ವಾರಗಳಲ್ಲಿ ಹಡಗಿನ ಅಂಚೆಯಲ್ಲಿ ಇನ್ನೊಂದು ಸುದ್ದಿ: ಇಂಗ್ಲೆಂಡಿನಲ್ಲಿದ್ದ ಕಿರಿಯ ತಂಗಿ ಮಾರ್ಗರೆಟ್ ಸ್ಕಾರ್ಲೆಟ್ ಜ್ವರದಿಂದ ತೀರಿಕೊಂಡಿದ್ದಳು. ಸತ್ತು ಎಷ್ಟೋ ತಿಂಗಳಾಗಿತ್ತು. ದೂರದೇಶದಲ್ಲಿ ಸಾವಿನ ಸುದ್ದಿ ತಡವಾಗಿ ತಲುಪುವ ದುಃಖ ಹೇಗಿರುತ್ತದೆಂದು ನಮ್ಮ ಓದುಗರಿಗೆ ವಿವರಿಸಬೇಕಾಗಿಲ್ಲ. ಇಂದು ಪೆನ್ಸಿಲಿನ್ ಕೊಟ್ಟರೆ ಹತ್ತು ದಿನದಲ್ಲಿ ವಾಸಿಯಾಗುವ ಕಾಯಿಲೆ ಅದು. ಅಂದು ಮನೆಮನೆಗೆ ಹರಡಿ ಪ್ರಾಣ ತೆಗೆಯುತ್ತಿತ್ತು. ಮದುವೆಯಾಗದ ಮೆಕಾಲೆಗೆ ಆ ಇಬ್ಬರು ತಂಗಿಯರೇ ಪ್ರಪಂಚ. ಬೆಳಗಿನ ಜಾವ ಎದ್ದು ಗ್ರೀಕ್, ಲ್ಯಾಟಿನ್ ಗ್ರಂಥಗಳಲ್ಲಿ ಮುಳುಗಿ, ಹಗಲು ಸಂಹಿತೆಯ ಕೆಲಸದಲ್ಲಿ ಮುಳುಗಿ ಆ ದುಃಖವನ್ನು ಕಳೆದ.

ಆಯೋಗದಲ್ಲಿ ಅವನೊಂದಿಗೆ ಮದರಾಸಿನ ಮ್ಯಾಕ್ಲಿಯಡ್, ಮುಂಬಯಿಯ ಆಂಡರ್ಸನ್, ಮತ್ತು ಕ್ಯಾಮರನ್ ಇದ್ದರು. ಕಲ್ಕತ್ತೆಯ ಹವೆ ಅವರನ್ನು ಒಬ್ಬೊಬ್ಬರನ್ನಾಗಿ ಮಲಗಿಸಿತು. ಹೆಚ್ಚಿನ ಭಾಗ ಮೆಕಾಲೆಯ ಹೆಗಲಿಗೇ ಬಿತ್ತು. 1837ರಲ್ಲಿ ಕರಡು ಅಚ್ಚಾಗಿ ಸರಕಾರದ ಕೈ ಸೇರಿತು.

ಆ ಕರಡಿನಲ್ಲಿ ಅವನು ಮಾಡಿದ ಹೊಸತನವೆಂದರೆ ಕಲಮುಗಳ ಕೆಳಗೆ ಪುಟ್ಟ ಪುಟ್ಟ ಕಥೆಗಳನ್ನು ಇಟ್ಟದ್ದು. 'ಎ' ಎಂಬವನು ಹೀಗೆ ಮಾಡುತ್ತಾನೆ, 'ಝಡ್' ಎಂಬವನಿಗೆ ಹೀಗಾಗುತ್ತದೆ. ಇದು ಅಪರಾಧವೇ ಅಲ್ಲವೇ? ಕಾನೂನಿನ ಭಾಷೆ ಗೊತ್ತಿಲ್ಲದವನಿಗೂ ಕಲಮಿನ ಅರ್ಥ ಹೊಳೆಯಬೇಕೆಂಬುದು ಉದ್ದೇಶ. ಪಾಪದ ಝಡ್ ಸಂಹಿತೆಯ ಉದ್ದಕ್ಕೂ ಕಳ್ಳತನಕ್ಕೆ, ಹೊಡೆತಕ್ಕೆ, ವಿಷಕ್ಕೆ ಗುರಿಯಾಗುತ್ತಲೇ ಇರುತ್ತಾನೆ.

ಜಾರಿಗೆ ಬಂದ ಸಂಹಿತೆಯ 88ನೆಯ ಕಲಮಿನಲ್ಲಿ ನಮ್ಮವನು ಪ್ರವೇಶಿಸುತ್ತಾನೆ. ಎ ಒಬ್ಬ ಸರ್ಜನ್. ಆಪರೇಷನ್ ಮಾಡಿದರೆ ಝಡ್ ಸಾಯುವ ಸಂಭವವಿದೆಯೆಂದು ಅವನಿಗೆ ಗೊತ್ತು. ಝಡ್ ಒಪ್ಪಿದ್ದಾನೆ. ಅವನ ಒಳಿತಿಗಾಗಿಯೇ ಸದ್ಭಾವನೆಯಿಂದ ಮಾಡುತ್ತಾನೆ. ಅಪರಾಧವಲ್ಲ. 92ನೆಯದು ಇನ್ನೂ ಮುಂದೆ ಹೋಗುತ್ತದೆ. ಝಡ್ ಕುದುರೆಯಿಂದ ಬಿದ್ದು ಪ್ರಜ್ಞೆ ತಪ್ಪಿದ್ದಾನೆ. ತಲೆಬುರುಡೆಗೆ ತೂತು ಕೊರೆಯದಿದ್ದರೆ ಉಳಿಯುವುದಿಲ್ಲ. ಒಪ್ಪಿಗೆ ಕೇಳೋಣವೆಂದರೆ ಅವನಿಗೆ ಎಚ್ಚರವಿಲ್ಲ. ಸರ್ಜನ್ ಕೊರೆಯುತ್ತಾನೆ. ಅಪರಾಧವಲ್ಲ. ಅಪಘಾತಕ್ಕೆ ಸಿಕ್ಕಿದ ಮಗು, ಪೋಷಕರನ್ನು ಕರೆತರಲು ಸಮಯವಿಲ್ಲ, ಮಗು ಬೇಡವೆಂದು ಅಂಗಲಾಚುತ್ತಿದ್ದರೂ ಆಪರೇಷನ್ ಮಾಡುತ್ತಾನೆ. ಅದೂ ಅಪರಾಧವಲ್ಲ. ಈಥರ್ ಅರಿವಳಿಕೆ ಬಳಕೆಗೆ ಬಂದದ್ದು 1846ರಲ್ಲಿ. ಅದಕ್ಕೆ ಮುಂಚಿನ ಕಾಲದಲ್ಲಿ ಬೆಳೆದವರು ಬರೆದ ಕಥೆ ಇದು ಎಂದು ನೆನೆದರೆ ಆ ಮಗು ಏಕೆ ಅಂಗಲಾಚುತ್ತದೆಂದು ತಿಳಿಯುತ್ತದೆ. ಕ್ಯಾಶುವಲ್ಟಿಯಲ್ಲಿ ರಾತ್ರಿ ಪಾಳಿ ಮಾಡಿದ ಯಾವ ವೈದ್ಯನಿಗಾದರೂ ಈ ಕಲಮು ಬೆನ್ನಿಗೆ ಕೊಟ್ಟ ದಿಂಬಿನಂತೆ. ಹಾಗಿದ್ದೂ ಪೊಲೀಸರು ಬರುವ ತನಕ ಗಾಯಾಳುವನ್ನು ಮುಟ್ಟಲು ಹೆದರುವ ಪದ್ಧತಿ ನಮ್ಮ ಆಸ್ಪತ್ರೆಗಳಲ್ಲಿ ಬೆಳೆದು, 1989ರಲ್ಲಿ ಸುಪ್ರೀಂ ಕೋರ್ಟು ಪರಮಾನಂದ ಕಟಾರಾ ಪ್ರಕರಣದಲ್ಲಿ ಮೊದಲು ಚಿಕಿತ್ಸೆ, ಆಮೇಲೆ ಕಾಗದಪತ್ರ ಎಂದು ತಿಳಿಹೇಳಬೇಕಾಯಿತು. ಕಾನೂನು ಹೆದರಿಸಿರಲಿಲ್ಲ, ಕಾನೂನನ್ನು ಓದದ ನಾವೇ ಹೆದರಿದ್ದೆವು.

ಕರಡಿನ ಜೊತೆ ಸೇರಿಸಿದ ಟಿಪ್ಪಣಿಗಳಲ್ಲಿ ಮೆಕಾಲೆ ಇನ್ನೂ ಕಷ್ಟದ ಪ್ರಶ್ನೆಯೊಂದನ್ನು ಎತ್ತಿಕೊಂಡ. ಕೆಟ್ಟದ್ದು ಮಾಡಿದವನಿಗೆ ಶಿಕ್ಷೆ ಸರಿ. ಒಳ್ಳೆಯದು ಮಾಡದೆ ಸುಮ್ಮನಿದ್ದವನಿಗೆ? ಒಂದು ರೂಪಾಯಿ ಕೊಟ್ಟಿದ್ದರೆ ಬದುಕುತ್ತಿದ್ದ ಭಿಕ್ಷುಕನಿಗೆ ಕೊಡದೆ ಹೋದ ಸಿರಿವಂತ ಕೊಲೆಗಾರನೇ? ಭಾರತದಲ್ಲಿ ಆ ಆಪರೇಷನ್ ಬಲ್ಲ ಏಕೈಕ ಸರ್ಜನ್ ಕಲ್ಕತ್ತೆಯಿಂದ ಮೀರತ್‌ಗೆ ಬರಲು ಒಪ್ಪದೆ ರೋಗಿ ಸತ್ತರೆ ಸರ್ಜನ್ ಕೊಲೆಗಾರನೇ? ಅಲ್ಲವೆಂದೇ ಅವನ ತೀರ್ಮಾನ. ಆದರೆ ಕೈದಿಗೆ ಅನ್ನ ಹಾಕದ ಜೈಲರು, ಸಂಬಳ ಪಡೆದು ಕೂಸಿನ ಆರೈಕೆ ಒಪ್ಪಿಕೊಂಡು ಅದನ್ನು ಸಾಯಲು ಬಿಟ್ಟ ದಾದಿ, ಇವರು ಬೇರೆ. ಅವರ ಮೇಲೆ ಕಾನೂನಿನ ಹೊಣೆಯಿತ್ತು. ಇನ್ನೊಬ್ಬರ ಜೀವ ಅವರ ಕೈಯಲ್ಲಿತ್ತು. ಒಳ್ಳೆಯತನವನ್ನು ಕಾನೂನು ಹುಟ್ಟಿಸಲಾರದು, ಒಪ್ಪಿಕೊಂಡ ಹೊಣೆಯನ್ನು ಮಾತ್ರ ಮಾಡಿಸಬಲ್ಲದು ಎಂಬ ಈ ವಿವೇಕವೇ ಇಡೀ ಸಂಹಿತೆಯ ತಿರುಳೆಂದು ನಮಗೆ ತೋರುತ್ತದೆ. ಡ್ಯೂಟಿ ಎಂಬ ಮಾತನ್ನು ನಾವು ವೈದ್ಯರು ದಿನಕ್ಕೆ ಹತ್ತು ಸಲ ಬಳಸುತ್ತೇವೆ. ಆ ಮಾತಿನ ತೂಕ ನಮಗೆ ತಿಳಿದದ್ದು ಈ ಟಿಪ್ಪಣಿಯಿಂದ.

ಜಮೈಕಾದಲ್ಲಿ ತಂದೆ ಕಂಡ ಚಾವಟಿಯೂ ಕರಡಿನೊಳಗೆ ಬಂದಿದೆ. ಭಾರತದಲ್ಲೂ ಆಗ ಜೀತದ ಆಳುಗಳಿದ್ದರು. ಹೊಲದೊಂದಿಗೆ ಅವರನ್ನೂ ಮಾರುವ ಪದ್ಧತಿ ಕರಾವಳಿಯಲ್ಲಿ ಇತ್ತು. ಹೊಡೆತ, ಕೂಡಿಹಾಕುವುದು, ಯಾವುದೇ ಕೃತ್ಯವಿರಲಿ, ಮಾಡಿದವನು ಧಣಿ, ಅನುಭವಿಸಿದವನು ಗುಲಾಮ ಎಂಬ ಕಾರಣಕ್ಕೆ ಕ್ಷಮೆ ಸಿಗಬಾರದೆಂದು ಆಯೋಗ ಶಿಫಾರಸು ಮಾಡಿತು. ಗುಲಾಮಗಿರಿಗೆ ಕಾನೂನಿನ ಮಾನ್ಯತೆ ತಪ್ಪಿದ್ದು 1843ರ ಕಾಯಿದೆಯಿಂದ. ಮನುಷ್ಯನನ್ನು ಗುಲಾಮನಾಗಿ ಕೊಳ್ಳುವುದು, ಮಾರುವುದು 370ನೆಯ ಕಲಮಿನ ಅಪರಾಧವಾದದ್ದು ಸಂಹಿತೆ ಜಾರಿಗೆ ಬಂದ ಮೇಲೆ. ಕರಡಿನಲ್ಲಿ ಛಡಿಯೇಟಿನ ಶಿಕ್ಷೆಗೂ ಜಾಗವಿರಲಿಲ್ಲ. ಮರಣದಂಡನೆ ಕೊಲೆಗೆ ಮತ್ತು ರಾಜ್ಯದ ವಿರುದ್ಧದ ಅತಿದೊಡ್ಡ ಅಪರಾಧಕ್ಕೆ ಮಾತ್ರ. ಛಡಿಯನ್ನು ಸರಕಾರ 1864ರಲ್ಲಿ ಬೇರೆ ಕಾಯಿದೆ ಮಾಡಿ ಮರಳಿ ತಂದಿತು.

ಕಲ್ಕತ್ತೆಯ ಬಿಳಿಯರಿಗೆ ಈ ಮನುಷ್ಯ ಸೇರುತ್ತಿರಲಿಲ್ಲ. ಸಿವಿಲ್ ವ್ಯಾಜ್ಯಗಳಲ್ಲಿ ಬ್ರಿಟಿಷರಿಗೆ ಮಾತ್ರ ಕಲ್ಕತ್ತೆಯ ಸುಪ್ರೀಂ ಕೋರ್ಟಿಗೆ ಹೋಗುವ ವಿಶೇಷ ಹಕ್ಕಿತ್ತು. 1836ರಲ್ಲಿ ಅದನ್ನು ತೆಗೆದುಹಾಕಿದ್ದಕ್ಕೆ ಅವರ ಪತ್ರಿಕೆಗಳು ಅವನನ್ನು ತಿಂಗಳುಗಟ್ಟಲೆ ಬೈದವು. ಹೀಗೆ ಬೈಯುವ ಸ್ವಾತಂತ್ರ್ಯವನ್ನು ಪತ್ರಿಕೆಗಳಿಗೆ ಕೊಟ್ಟ 1835ರ ಕಾನೂನಿನ ಕರಡನ್ನು ಬರೆದವನೂ ಅವನೇ.

ಈಗ ಸಾರ್ವಜನಿಕ ಆರೋಗ್ಯದ ಅಧ್ಯಾಯಕ್ಕೆ ಬರೋಣ. ಸಂಹಿತೆಯ ಹದಿನಾಲ್ಕನೆಯ ಅಧ್ಯಾಯವೆಂದರೆ ನಮಗೆ ಊರಿನ ಬೀದಿಯಲ್ಲಿ ನಡೆದಾಡಿದಂತೆ. ಪ್ರಾಣಾಪಾಯದ ಸೋಂಕನ್ನು ಅಜಾಗರೂಕತೆಯಿಂದ ಹರಡುವುದು 269. ಬೇಕೆಂದೇ ಹರಡುವುದು 270. ಕ್ವಾರಂಟೈನ್ ನಿಯಮ ಮೀರುವುದು 271. ತಿನ್ನುವ, ಕುಡಿಯುವ ಪದಾರ್ಥಕ್ಕೆ ಕಲಬೆರಕೆ, ಔಷಧಿಗೆ ಕಲಬೆರಕೆ, ಊರ ಬಾವಿ-ಕೆರೆಯ ನೀರು ಹೊಲಸು ಮಾಡುವುದು, ಗಾಳಿ ಕೆಡಿಸುವುದು, ಬೀದಿಯಲ್ಲಿ ಗಾಡಿಯನ್ನು ಅಡ್ಡಾದಿಡ್ಡಿ ಓಡಿಸುವುದು, ವಿಷ, ಬೆಂಕಿ, ಸಿಡಿಮದ್ದು, ಯಂತ್ರ, ಬೀಳುವಂತಿರುವ ಕಟ್ಟಡ, ಹಾಯುವ ದನ, ಕಚ್ಚುವ ನಾಯಿ! ರೋಗಾಣುವಿನ ಸಿದ್ಧಾಂತ ಇನ್ನೂ ಗಟ್ಟಿಯಾಗಿ ನೆಲೆಯೂರದ ಕಾಲದಲ್ಲಿ ಬಂದ ಕಾನೂನು ಇದು. ಒಬ್ಬನ ಅಲಕ್ಷ್ಯ ಇನ್ನೊಬ್ಬನ ಕಾಯಿಲೆಯಾಗುತ್ತದೆಂಬ ಅರಿವು ಸಾಕಾಗಿತ್ತು. ಶಿಕ್ಷೆಯ ಪ್ರಮಾಣದಲ್ಲಿ ಮಾತ್ರ ಕೊರತೆ. ಬಾವಿಯ ನೀರು ಕೆಡಿಸಿದವನಿಗೆ ಮೂರು ತಿಂಗಳು ಅಥವಾ 500 ರೂಪಾಯಿ ದಂಡ. 1860ರಲ್ಲಿ ಅದು ದೊಡ್ಡ ಗಂಟು. ಆದರೆ ಆ 500 ರೂಪಾಯಿ 2024ರವರೆಗೆ 500 ಆಗಿಯೇ ಉಳಿಯಿತು. ಕಾರ್ಖಾನೆಯ ಧಣಿಗೆ ಅದು ಒಂದು ಊಟದ ಬಿಲ್ಲೂ ಅಲ್ಲ.

ಅಜಾಗರೂಕತೆಯ ಸಾವಿನ ಕಥೆ ಇನ್ನೂ ವಿಚಿತ್ರ. ದುಡುಕಿನಿಂದ, ನಿರ್ಲಕ್ಷ್ಯದಿಂದ ಸಾವು ತಂದವನಿಗೆ ಶಿಕ್ಷೆ ವಿಧಿಸುವ ಕಲಮು ಮೆಕಾಲೆಯ ಕರಡಿನಲ್ಲಿತ್ತು. 1860ರ ಅಂತಿಮ ರೂಪದಲ್ಲಿ ಅದು ಬಿಟ್ಟುಹೋಯಿತು. ಹತ್ತು ವರ್ಷದ ಮೇಲೆ 304-ಎ ಎಂದು ನುಸುಳಿಸಿದರು. ಬಸ್ಸಿನ ಡ್ರೈವರನಿಂದ ಹಿಡಿದು ನಮ್ಮಂಥ ವೈದ್ಯರವರೆಗೆ ಎಲ್ಲರ ತಲೆಯ ಮೇಲೆ 2024ರವರೆಗೆ ತೂಗುತ್ತಿದ್ದ ಕತ್ತಿ ಇದೇ. ಚಿಕಿತ್ಸೆ ಫಲಿಸದ್ದೆಲ್ಲ ಅಪರಾಧವಲ್ಲ, ತೀರಾ ಹೊಣೆಗೇಡಿತನ ಇದ್ದರೆ ಮಾತ್ರ ಕ್ರಿಮಿನಲ್ ಮೊಕದ್ದಮೆ ಎಂದು 2005ರ ಜೇಕಬ್ ಮ್ಯಾಥ್ಯೂ ತೀರ್ಪು ಗೆರೆ ಎಳೆಯಿತು. ನಾವು ವೈದ್ಯರೆಂದು ಆ ತೀರ್ಪನ್ನು ಮೆಚ್ಚುತ್ತೇವೆಯೇ ಎಂದು ಯಾರಾದರೂ ಕೆಣಕಿದರೆ, ಹೌದು. ಆದರೆ ರೋಗಿಯ ಬಂಧುಗಳ ಜಾಗದಲ್ಲಿ ನಿಂತು ನೋಡಿದಾಗ ಆ ಗೆರೆ ಬಹಳ ದೂರದಲ್ಲಿ ಕಾಣುತ್ತದೆಂಬುದೂ ನಿಜ.

ಕಾಪಾಡುವ ಪುಸ್ತಕವೇ ಕಾಡುವ ಪುಸ್ತಕವೂ ಆಗಬಲ್ಲದೆಂಬುದನ್ನು ಮುಚ್ಚಿಡುವಂತಿಲ್ಲ. 1897ರಲ್ಲಿ ಪ್ಲೇಗು ಬಂದಾಗ ಸಾಂಕ್ರಾಮಿಕ ರೋಗಗಳ ಕಾಯಿದೆ ಹೊರಟಿತು. ಅದನ್ನು ಮೀರಿದವರಿಗೆ ಶಿಕ್ಷೆ ಸಂಹಿತೆಯ 188ನೆಯ ಕಲಮಿನಂತೆ. ಪುಣೆಯಲ್ಲಿ ಸಿಪಾಯಿಗಳು ಮನೆ ನುಗ್ಗಿ ತಪಾಸಣೆ ಮಾಡಿದ ರೀತಿಗೆ ಜನ ರೊಚ್ಚಿಗೆದ್ದರು. ಜೂನ್ 22ರಂದು ಪ್ಲೇಗ್ ಅಧಿಕಾರಿ ರ‍್ಯಾಂಡನ ಮೇಲೆ ಗುಂಡು ಹಾರಿತು. ಪತ್ರಿಕೆಯಲ್ಲಿ ಬರೆದುದಕ್ಕಾಗಿ ತಿಲಕರು 124-ಎ ಕಲಮಿನಡಿ ರಾಜದ್ರೋಹದ ಆಪಾದನೆಗೆ ಗುರಿಯಾಗಿ 18 ತಿಂಗಳ ಸಜೆ ಪಡೆದರು. ರಾಜದ್ರೋಹದ ಕಲಮಿನ ಬೀಜವೂ ಮೆಕಾಲೆಯ ಕರಡಿನದೇ. 1860ರಲ್ಲಿ ಬಿಟ್ಟುಹೋಗಿ 1870ರಲ್ಲಿ ಮರಳಿ ಸೇರಿತು. ಸೋಂಕು ತಡೆಯುವ ಕಲಮೂ ಬಾಯಿ ಮುಚ್ಚಿಸುವ ಕಲಮೂ ಒಂದೇ ರಟ್ಟಿನೊಳಗೆ. 2020ರಲ್ಲಿ ಕೋವಿಡ್ ಕಾಲದಲ್ಲಿ 188, 269, 270ಗಳು ದೇಶದ ತುಂಬ ಮತ್ತೆ ಓಡಾಡಿದವು. ವೈದ್ಯರಾಗಿ ನಮ್ಮ ಅನಿಸಿಕೆ ಇಷ್ಟೇ: ಪೊಲೀಸರ ಹೆದರಿಕೆಯಿಂದ ಕಾಯಿಲೆ ಮುಚ್ಚಿಟ್ಟ ಮನೆಯಲ್ಲಿ ಕಾಯಿಲೆ ಬೇಗ ಹರಡುತ್ತದೆ.

ಆತ್ಮಹತ್ಯೆಗೆ ಯತ್ನಿಸಿದವನಿಗೆ ಶಿಕ್ಷೆಯೆಂಬ 309ನೆಯ ಕಲಮನ್ನಂತೂ ನಾವು ಎಂದೂ ಒಪ್ಪಲಾರೆವು. ಹೌಸ್ ಸರ್ಜನ್ಸಿಯ ದಿನಗಳಲ್ಲಿ ಕ್ರಿಮಿನಾಶಕ ಕುಡಿದ ರೈತರನ್ನು ರಾತ್ರಿಯೆಲ್ಲ ಅಟ್ರೊಪಿನ್ ಕೊಟ್ಟು ಉಳಿಸುತ್ತಿದ್ದೆವು. ಬೆಳಗ್ಗೆ ಕಣ್ಣು ತೆರೆದರೆ ಮಂಚದ ಪಕ್ಕದಲ್ಲಿ ಹೆಂಡತಿಗಿಂತ ಮೊದಲು ಪೊಲೀಸ್ ಪೇದೆ. ಸಾಲಗಾರರ ಕಾಟಕ್ಕೆ ಬೇಸತ್ತವನಿಗೆ ಬದುಕಿದ್ದೇ ಇನ್ನೊಂದು ಕೇಸು! 2017ರ ಮಾನಸಿಕ ಆರೋಗ್ಯ ಕಾಯಿದೆ ಆ ಕಲಮಿನ ಹಲ್ಲು ಕಿತ್ತಿತು. ಸಿಂಗಪುರದಲ್ಲೂ 2020ರ ಜನವರಿಯಿಂದ ಅದು ಅಪರಾಧವಲ್ಲ.

ಎಲ್ಲಕ್ಕಿಂತ ದೊಡ್ಡ ಲೋಪ ಹೆಣ್ಣುಮಗುವಿನ ವಿಷಯದಲ್ಲಿ. ಮದುವೆಯೆಂಬ ಬಾಗಿಲೊಳಗೆ ಕಾನೂನು ಕಾಲಿಡಬಾರದೆಂಬ ವಿನಾಯಿತಿಯನ್ನು ಕರಡಿನಲ್ಲೇ ಬರೆದಿದ್ದರು. 1860ರಲ್ಲಿ ಹೆಂಡತಿಗೆ ಹತ್ತು ವರ್ಷ ತುಂಬಿದ್ದರೆ ಗಂಡನ ಮೇಲೆ ಆ ಆಪಾದನೆ ಇಲ್ಲವೆಂದಾಯಿತು. 1890ರಲ್ಲಿ ಕಲ್ಕತ್ತೆಯಲ್ಲಿ ಫೂಲ್ಮಣಿ ಎಂಬ ಹತ್ತು ದಾಟಿದ ಬಾಲಕಿ ಗಂಡನ ಮನೆಯಲ್ಲಿ ರಕ್ತಸ್ರಾವದಿಂದ ಸತ್ತಳು. ಮೂವತ್ತು ದಾಟಿದ ಗಂಡನಿಗೆ ದುಡುಕಿನಿಂದ ಗಾಯ ಮಾಡಿದ ಅಪರಾಧಕ್ಕೆ ಒಂದು ವರ್ಷದ ಸಜೆ, ಅಷ್ಟೆ. ಆಗ ಭಾರತದಲ್ಲಿ ಕೆಲಸ ಮಾಡುತ್ತಿದ್ದ ಮಹಿಳಾ ವೈದ್ಯರು ತಾವು ಕಂಡ ಇಂಥ ಪ್ರಕರಣಗಳನ್ನು ಪಟ್ಟಿ ಮಾಡಿ ಸರಕಾರಕ್ಕೆ ಮನವಿ ಕೊಟ್ಟರು. ಮರುವರ್ಷ ವಯಸ್ಸಿನ ಮಿತಿ ಹನ್ನೆರಡಕ್ಕೆ ಏರಿತು. ಎರಡೇ ವರ್ಷ! ಅದಕ್ಕೂ ದೇಶದಲ್ಲಿ ದೊಡ್ಡ ಗದ್ದಲ. ವಿರೋಧಿಸಿದವರಲ್ಲಿ ತಿಲಕರೂ ಒಬ್ಬರು. ಇಂದು ಮಿತಿ 18. ಆದರೆ ಅದಕ್ಕೆ ಮೇಲ್ಪಟ್ಟ ಹೆಂಡತಿಯ ವಿಷಯದಲ್ಲಿ ಹಳೆಯ ವಿನಾಯಿತಿ ಹೊಸ ಸಂಹಿತೆಯಲ್ಲೂ ಹಾಗೆಯೇ ಕುಳಿತಿದೆ.

ಮೆಕಾಲೆ 1838ರ ಆರಂಭದಲ್ಲಿ ಭಾರತ ಬಿಟ್ಟ. ಅವನು ಇನ್ನೂ ಕಡಲ ಮೇಲಿದ್ದಾಗ ಮೇ ತಿಂಗಳಲ್ಲಿ ಜಕಾರಿ ತೀರಿಕೊಂಡ. ಗುಲಾಮರ ಪರವಾಗಿ ಮಗ ಬರೆದುದನ್ನು ತಂದೆಗೆ ತಾನೇ ತೋರಿಸುವ ಭಾಗ್ಯ ಇರಲಿಲ್ಲ. ಆಮೇಲೆ ಮಂತ್ರಿಪದವಿ, ಚುನಾವಣೆಯ ಸೋಲು, 1848ರಿಂದ ಹೊರಬಂದ ಇಂಗ್ಲೆಂಡಿನ ಇತಿಹಾಸದ ಸಂಪುಟಗಳು, ಅಪಾರ ಮಾರಾಟ. 1852ರಲ್ಲಿ ಹೃದಯ ಕೈಕೊಟ್ಟಿತು. ಆ ಬಳಿಕ ಮೆಟ್ಟಿಲು ಹತ್ತುವುದೂ ಆಯಾಸ. 1857ರಲ್ಲಿ ಸಿಪಾಯಿ ದಂಗೆಯ ಸುದ್ದಿ ಬಂದಾಗ, ಹಕ್ಕಿಯ ನೋವನ್ನೂ ಸಹಿಸಲಾರದ ತಾನು ನಾನಾಸಾಹೇಬನ ಚಿತ್ರಹಿಂಸೆಯನ್ನು ಕಣ್ಣು ಮಿಟುಕಿಸದೆ ನೋಡಬಲ್ಲೆನೆಂದು ಬರೆದುಕೊಂಡ. ಚಿತ್ರಹಿಂಸೆಗೆ ಒಂದಿಂಚೂ ಜಾಗವಿಲ್ಲದ ಸಂಹಿತೆ ಬರೆದ ಕೈಯೇ ಇದನ್ನೂ ಬರೆದದ್ದು. ಕಾನೂನನ್ನು ಸಿಟ್ಟು ಇಲ್ಲದ ಹೊತ್ತಿನಲ್ಲಿ ಬರೆದಿಟ್ಟಿರಬೇಕು ಎನ್ನುವುದಕ್ಕೆ ನಮಗೆ ಇದಕ್ಕಿಂತ ಒಳ್ಳೆಯ ಸಾಕ್ಷ್ಯ ಸಿಕ್ಕಿಲ್ಲ.

1859ರ ಡಿಸೆಂಬರ್ 28ರಂದು ಲಂಡನ್ನಿನ ತನ್ನ ಮನೆಯ ಪುಸ್ತಕದ ಕೋಣೆಯಲ್ಲಿ, ಕುರ್ಚಿಯಲ್ಲಿ ಕುಳಿತಂತೆಯೇ ಪ್ರಾಣ ಬಿಟ್ಟ. ಕರಡು ಅಷ್ಟು ಹೊತ್ತಿಗೆ ಇಪ್ಪತ್ತೆರಡು ವರ್ಷ ಧೂಳು ತಿಂದಿತ್ತು. ಬಾರ್ನ್ಸ್ ಪೀಕಾಕ್ ಎಂಬ ನ್ಯಾಯಾಧೀಶ ಅದನ್ನು ತಿದ್ದಿ ಮುಗಿಸಿದ. ಮೆಕಾಲೆ ಸತ್ತ ಒಂಬತ್ತು ತಿಂಗಳ ಮೇಲೆ, 1860ರ ಅಕ್ಟೋಬರ್ 6ರಂದು 511 ಕಲಮುಗಳ ಭಾರತ ದಂಡಸಂಹಿತೆ ಕಾಯಿದೆಯಾಯಿತು. 1862ರ ಜನವರಿ 1ರಿಂದ ಜಾರಿ.

ಅಲ್ಲಿಂದ ಅದು ಹಡಗು ಹತ್ತಿತು. 1867ರವರೆಗೆ ಕಲ್ಕತ್ತೆಯ ಆಡಳಿತಕ್ಕೇ ಸೇರಿದ್ದ ಸಿಂಗಪುರ, ಮಲಕ್ಕ, ಪಿನಾಂಗುಗಳಿಗೆ 1871ರಲ್ಲಿ ಅದರ ಅಚ್ಚಿನಲ್ಲೇ ಎರಕ ಹೊಯ್ದ ಸಂಹಿತೆ ಸಿದ್ಧವಾಗಿ ಮರುವರ್ಷ ಜಾರಿಗೆ ಬಂತು. ಎಷ್ಟೋ ತಿದ್ದುಪಡಿಗಳಾಗಿದ್ದರೂ ಇಲ್ಲಿನ ಪೀನಲ್ ಕೋಡ್ ಇಂದಿಗೂ ಆ ತಳಹದಿಯ ಮೇಲೆಯೇ ನಿಂತಿದೆ. ಗಾಳಿ ಕೆಡಿಸುವವರನ್ನು ಹಿಡಿಯಲು ಇಲ್ಲಿ ಈಗ ಬೇರೆ ಕಾಯಿದೆಗಳಿವೆ. ನೆರೆಯ ನಾಡಿನಿಂದ ತೇಲಿಬರುವ ಹೊಗೆಗೂ 2014ರಲ್ಲಿ ಒಂದು ಕಾಯಿದೆಯಾಯಿತು. ನಮ್ಮೂರಿನಲ್ಲಿ ಮೋಸಗಾರನನ್ನು ಫೋರ್ ಟ್ವೆಂಟಿ ಎಂದು ಬೈಯುತ್ತೇವಲ್ಲ, ಸಿಂಗಪುರದಲ್ಲಿ ವಂಚನೆಯ ಕಲಮು ಈಗಲೂ 420. ತಮಾಷೆಯೆಂದರೆ ಭಾರತದಲ್ಲಿ ಅದೀಗ 420 ಅಲ್ಲ. 2024ರ ಜುಲೈ 1ರಿಂದ ಹಳೆಯ ಸಂಹಿತೆ ಹೋಗಿ 358 ಕಲಮುಗಳ ಭಾರತೀಯ ನ್ಯಾಯ ಸಂಹಿತೆ ಬಂದಿದೆ. ವಂಚನೆ 318ಕ್ಕೆ ಇಳಿದಿದೆ. 309 ಹೊರಟುಹೋಯಿತು, ಅಧಿಕಾರಿಗಳನ್ನು ಬಗ್ಗಿಸಲು ಮಾಡುವ ಆತ್ಮಹತ್ಯೆ ಯತ್ನ ಮಾತ್ರ ಅಪರಾಧವಾಗಿ ಉಳಿಯಿತು. 304-ಎ ಬದಲು 106 ಬಂದು, ನಿರ್ಲಕ್ಷ್ಯದ ಸಾವಿಗೆ ಐದು ವರ್ಷದವರೆಗೆ ಸಜೆ, ಚಿಕಿತ್ಸೆ ಮಾಡುವಾಗಿನದಾದರೆ ನೋಂದಾಯಿತ ವೈದ್ಯರಿಗೆ ಎರಡು ವರ್ಷದವರೆಗೆ.

92ನೆಯ ಕಲಮು ಈಗ 30ನೆಯದು. ಅದರ ಕೆಳಗೆ ಝಡ್ ಇನ್ನೂ ಕುದುರೆಯಿಂದಲೇ ಬೀಳುತ್ತಿದ್ದಾನೆ, ಸರ್ಜನ್ ಎ ಅವನ ಬುರುಡೆ ಕೊರೆಯುತ್ತಿದ್ದಾನೆ. ಹೊಸ ಸಂಹಿತೆ ಬರೆದವರು ಕುದುರೆಯನ್ನು ಬದಲಿಸಿ ಸ್ಕೂಟರ್ ಮಾಡಲೂ ಹೋಗಲಿಲ್ಲ.